ಪದಚರ್ಚೆ: ಮೀನಿನ ಮಿದುಳು ‘ಮಗುಚುತ್ತದೆ’ ಎಂದರೆ ಸರಿಯೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಕ್ರಿಯಾಪದಕ್ಕಾಗಿ ಎರಡು ತಿಂಗಳಿಂದ ಹುಡುಕಾಡುತ್ತಿದ್ದೇನೆ. ಪದವಿ ತರಗತಿಯ ಪ್ರಾಣಿಶಾಸ್ತ್ರದ ಮಕ್ಕಳಿಗಾಗಿ, ಮೊಟ್ಟೆಯೊಳಗೆ ಮೀನಿನ ಮಿದುಳು ಹೇಗೆ ರೂಪುಗೊಳ್ಳುತ್ತದೆ ಎಂಬ ಅಧ್ಯಾಯವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದರ ನಡುಮಧ್ಯದಲ್ಲಿ, ಇಡೀ ಅಧ್ಯಾಯವೇ ಆತುಕೊಂಡಿರುವ ಜಾಗದಲ್ಲಿ, ಇಂಗ್ಲಿಷಿನವರು ‘ಇವರ್ಷನ್’ ಎನ್ನುವ ಒಂದು ಘಟನೆಯಿದೆ. ನನ್ನ ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘ಮೂಳೆಮೀನುಗಳ ಮುಮ್ಮಿದುಳು ಬೆಳೆಯುವಾಗ ಮಗುಚಿಕೊಳ್ಳುತ್ತದೆ.’

ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬಳು ಮರುದಿನ ಚಿತ್ರ ಬಿಡಿಸಿ ತಂದಳು. ಅಂದವಾದ ಚಿತ್ರ. ಆದರೆ ಮಿದುಳಿನ ತಳ ಮೇಲೆ ಹೋಗಿತ್ತು, ಚಾವಣಿ ಕೆಳಗೆ ಬಂದಿತ್ತು. ಅವಳ ಓದಿನಲ್ಲಿ ತಪ್ಪೇನೂ ಇರಲಿಲ್ಲ. ದೋಸೆ ಮಗುಚಿದರೆ ಮೇಲಿನ ಮುಖ ಕಾವಲಿಗೆ ತಾಗುತ್ತದೆ. ದೋಣಿ ಮಗುಚಿದರೆ ತಳ ಆಕಾಶ ನೋಡುತ್ತದೆ. ನನ್ನ ವಾಕ್ಯ ಹೇಳಿದ್ದನ್ನೇ ಅವಳು ಬರೆದಿದ್ದಳು. ವಾಕ್ಯವೇ ಮೀನಿನ ಬಗ್ಗೆ ಸುಳ್ಳು ಹೇಳಿತ್ತು. ಅಂದಿನಿಂದ ಈ ಪದ ನನ್ನನ್ನು ಬಿಟ್ಟಿಲ್ಲ.

ಮೊದಲು ನಡೆಯುವುದೇನು ಎಂಬುದನ್ನು ಹೇಳಿಬಿಡುತ್ತೇನೆ. ಜೀವಶಾಸ್ತ್ರದ ಪರಿಚಯವಿಲ್ಲದವರೂ ಈ ಬಳಗದಲ್ಲಿ ಇದ್ದೀರಿ, ನನಗೆ ಬೇಕಾದದ್ದು ನಿಮ್ಮ ಕಿವಿಯೇ.

ಬೆನ್ನುಮೂಳೆಯ ಪ್ರಾಣಿಗಳೆಲ್ಲದರ ಮಿದುಳೂ ಎಳವೆಯಲ್ಲಿ ಒಂದು ಕೊಳವೆ. ಕೊಳವೆಯ ಒಳಗಿನ ಟೊಳ್ಳಿಗೆ ಕುಹರ ಎನ್ನುತ್ತೇವೆ. ಮುಂದಿನ ತುದಿ ಮುಮ್ಮಿದುಳಾಗುತ್ತದೆ, ಆಮೇಲೆ ನಡುಮಿದುಳು, ಹಿಮ್ಮಿದುಳು. ನಮ್ಮಲ್ಲಿ, ಕಪ್ಪೆಯಲ್ಲಿ, ಹಕ್ಕಿಯಲ್ಲಿ, ಶಾರ್ಕ್ ಮತ್ತು ತೊರಕೆಯಲ್ಲಿ ಕೂಡ, ಕೊಳವೆಯ ಆ ತುದಿಯ ಎರಡು ಪಕ್ಕದ ಗೋಡೆಗಳು ಹೊರಕ್ಕೆ ಉಬ್ಬಿ ಎರಡು ಚೀಲಗಳಾಗುತ್ತವೆ. ಪ್ರತಿ ಚೀಲಕ್ಕೂ ತನ್ನದೇ ಕುಹರ. ಪೂರಿ ಉಬ್ಬಿದಂತೆ, ಒಳಮೈ ಒಳಗೇ ಉಳಿಯುತ್ತದೆ. ಇದಕ್ಕೆ ‘ಉಬ್ಬು’ ಸಾಕು, ಚರ್ಚೆಯೇ ಬೇಡ.

ಬಂಗುಡೆ, ಬೂತಾಯಿ, ರೋಹು, ಕಾಟ್ಲಾ, ಅಕ್ವೇರಿಯಮ್ಮಿನ ಚಿನ್ನದ ಮೀನು, ಇವುಗಳಲ್ಲಿ ಹಾಗಾಗುವುದಿಲ್ಲ. ಇಲ್ಲಿ ಪಕ್ಕದ ಗೋಡೆಗಳು ದಪ್ಪವಾಗುತ್ತವೆ. ಅವುಗಳ ಮೇಲಂಚುಗಳು ಒಂದರಿಂದೊಂದು ದೂರ ಸರಿದು ಆಚೆಗೂ ಈಚೆಗೂ ವಾಲುತ್ತವೆ. ಕೊನೆಗೆ ಮಗ್ಗುಲಿಗೆ ಇಳಿಬೀಳುತ್ತವೆ. ಚಾವಣಿ ಮಾತ್ರ ಹರಿಯುವುದಿಲ್ಲ. ಈರುಳ್ಳಿಯ ಪೊರೆಯಂತೆ ತೆಳ್ಳಗೆ ಹಿಗ್ಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹರಡಿಕೊಂಡು ಎಲ್ಲವನ್ನೂ ಮುಚ್ಚಿರುತ್ತದೆ. ಹೀಗಾಗಿ ಕುಹರವು ಎರಡು ಚೀಲಗಳಲ್ಲಿ ಹಂಚಿಹೋಗದೆ, ಮಿದುಳಿನ ನೆತ್ತಿಯ ಮೇಲೆ, ಪೊರೆಯ ಅಡಿಯಲ್ಲಿ, ತೆಳುವಾದ ನೀರಿನ ಹಾಸಾಗುತ್ತದೆ. ಅಡ್ಡಕ್ಕೆ ಕೊಯ್ದು ನೋಡಿದರೆ ಮೇಲೆ ಅಗಲವಾದ ಅಡ್ಡಪಟ್ಟಿ, ಅದರ ನಡುವಿನಿಂದ ಕೆಳಕ್ಕೆ ಇಳಿದ ಒಂದು ಸೀಳು. ಒಳಮೈಯಾಗಿದ್ದದ್ದು ಈಗ ಹೊರಮೈ.

ತಳ ತಳದಲ್ಲೇ ಇದೆ ಎಂಬುದನ್ನು ಗಮನಿಸಿ. ಮೇಲುಕೆಳಗಾದದ್ದು ಏನೂ ಇಲ್ಲ. ಒಳಗಿನದು ಹೊರಗೆ ಬಂದಿದೆ, ನಡುವಿಗೆ ಹತ್ತಿರವಿರಬೇಕಾದದ್ದು ಅಂಚಿಗೆ ಹೋಗಿದೆ. ‘ಮಗುಚು’ ಸೋಲುವುದು ಇಲ್ಲಿಯೇ. ಅದರ ಹಿಂದೆ ಹಳಗನ್ನಡದ ‘ಮಗುೞ್’ ಇದೆ: ಹಿಂದಿರುಗು, ಮರಳು ಎಂಬ ಅರ್ಥ. ಅಲ್ಲಿಂದ ಹೊರಟ ಪದ ಇಂದು ನಮ್ಮ ಅಡುಗೆಮನೆಯಲ್ಲೂ ಹೊಳೆಯಲ್ಲೂ ಮೇಲುಕೆಳಗಾಗುವುದಕ್ಕೇ ಮೀಸಲಾಗಿದೆ. ‘ಕವುಚು’ ಇನ್ನೂ ಖಚಿತ: ಪಾತ್ರೆಯನ್ನು ಬೋರಲು ಹಾಕುವುದು. ಅದನ್ನೂ ಬಿಟ್ಟೆ.

ಸಂಸ್ಕೃತದ ಕಡೆಗೆ ಹೋದರೆ ‘ಬಹಿರ್ವರ್ತನ’ ಸಿಗುತ್ತದೆ. ಮೂಲ ಲ್ಯಾಟಿನ್ನಿಗೆ ಇದು ಕೂದಲೆಳೆಯಷ್ಟೂ ತಪ್ಪದ ಜೋಡಿ. ಅಲ್ಲಿನ ‘ವೆರ್ಟೆರೆ’, ಸಂಸ್ಕೃತದ ‘ವೃತ್’ ಎರಡೂ ಒಂದೇ ಬೇರಿನವು. ಪದಪ್ರಿಯಳಾದ ನನಗೆ ಇದು ಹಿಡಿಸಿತ್ತು. ಆದರೆ ತರಗತಿಯಲ್ಲಿ ಹೇಳಿ ನೋಡಿದಾಗ ಮಕ್ಕಳು ಕೇಳಿಸಿಕೊಂಡದ್ದು ‘ವರ್ತನೆ’ಯನ್ನು. ಮೀನಿನ ವರ್ತನೆಯ ಬಗ್ಗೆ ಮುಂದಿನ ಅಧ್ಯಾಯವೇ ಇದೆ. ‘ಬಹಿರ್ವರ್ತನ’ ಎಂದರೆ ಮೀನು ಹೊರಗಡೆ ಹೇಗೆ ನಡೆದುಕೊಳ್ಳುತ್ತದೆ ಎಂದುಕೊಂಡರು. ವ್ಯುತ್ಪತ್ತಿ ಎಷ್ಟೇ ಚೆನ್ನಾಗಿದ್ದರೂ ಕೇಳುವವರ ಮನಸ್ಸಿನಲ್ಲಿ ಬೇರೆ ಪದ ಎದ್ದು ನಿಂತರೆ ಅದನ್ನು ಬಳಸುವಂತಿಲ್ಲ. ‘ವಿಪರ್ಯಯ’, ‘ವಿಲೋಮ’ಗಳು ಬರಿಯ ತಿರುಗುಮುರುಗನ್ನು ಹೇಳುತ್ತವೆ, ಒಳ-ಹೊರಗಿನ ಸುಳಿವೇ ಅವುಗಳಲ್ಲಿಲ್ಲ.

ಹಾಗಾದರೆ ಒಳಗಿನದನ್ನು ಹೊರಗೆ ತರುವುದನ್ನೇ ಕಸುಬಾಗಿ ಮಾಡುವವರನ್ನು ಕೇಳೋಣವೆಂದು ನಮ್ಮ ಬೀದಿಯ ಹೊಲಿಗೆಯವರ ಬಳಿ ಹೋದೆ. ಮೀನಿನ ಮಾತೇ ಎತ್ತಲಿಲ್ಲ. ‘ಅಣ್ಣಾ, ಕಾಲರನ್ನು ಒಳಮಗ್ಗುಲಿನಿಂದ ಹೊಲಿದು ಆಮೇಲೆ ಹೊರಗೆ ತರುತ್ತೀರಲ್ಲ, ಅದಕ್ಕೆ ಏನೆನ್ನುತ್ತೀರಿ?’ ಎಂದು ಕೇಳಿದೆ. ‘ತಿರುವುವುದು, ಮೇಡಂ. ತಿರುವಿ, ಮೂಲೆಯನ್ನು ಕಡ್ಡಿಯಿಂದ ಚುಚ್ಚಿ ಎಬ್ಬಿಸಬೇಕು. ಇಲ್ಲದಿದ್ದರೆ ಕಾಲರ್ ಮೊಂಡಾಗುತ್ತದೆ’ ಎಂದರು. ದಿಂಬಿನ ಚೀಲಕ್ಕೂ ಅದೇ ಮಾತು. ತೊಳೆದ ಬಟ್ಟೆಯನ್ನು ಬಣ್ಣ ಹೋಗದಿರಲೆಂದು ‘ತಿರುವಿ ಒಣಹಾಕು’ ಎಂದು ನನ್ನ ಅಮ್ಮ ಹೇಳುತ್ತಿದ್ದದ್ದು ಆಗ ನೆನಪಾಯಿತು. ಇಷ್ಟು ಹತ್ತಿರದಲ್ಲಿದ್ದ ಪದ ನನಗೆ ಹೊಳೆದೇ ಇರಲಿಲ್ಲ.

‘ತಿರುವು’ ಬಳಸಲು ಎರಡು ತೊಡಕುಗಳಿವೆ. ಒಂದು, ನಾಮಪದವಾದ ಕೂಡಲೇ ಅದು ರಸ್ತೆಯ ತಿರುವು, ಕಥೆಯ ತಿರುವು ಆಗಿಬಿಡುತ್ತದೆ. ‘ಮುಮ್ಮಿದುಳಿನ ತಿರುವು’ ಎಂದರೆ ಎಲ್ಲಿ ಬಾಗಿದೆ ಎಂದು ಹುಡುಕುತ್ತಾರೆ. ಇನ್ನೊಂದು ಅದಕ್ಕಿಂತ ದೊಡ್ಡದು: ‘ತಿರುವು’ ಸಕರ್ಮಕ. ಯಾರೋ ಒಬ್ಬರು ತಿರುವಬೇಕು. ಕಾಲರಿಗೆ ಹೊಲಿಗೆಯವರ ಬೆರಳಿದೆ. ಮೊಟ್ಟೆಯೊಳಗಿನ ಮಿದುಳಿಗೆ ಯಾರ ಬೆರಳೂ ಇಲ್ಲ. ತಾನಾಗಿ ಆಗುವುದನ್ನು ಹೇಳುವ ಕ್ರಿಯಾಪದ ಬೇಕು. ಅರಳು, ಬಾಡು, ಹಣ್ಣಾಗು, ಇಂಥ ಪದಗಳ ಜಾತಿಗೆ ಸೇರಿದ್ದು. ಬೆಳವಣಿಗೆಯ ಶಾಸ್ತ್ರವನ್ನು ಕನ್ನಡದಲ್ಲಿ ಬರೆಯುವಾಗ ನಮ್ಮ ಅಕರ್ಮಕ ಕ್ರಿಯಾಪದಗಳು ಎಷ್ಟು ದೊಡ್ಡ ಆಸ್ತಿ ಎಂಬುದು ನನಗೆ ದಿನದಿನಕ್ಕೆ ಮನದಟ್ಟಾಗುತ್ತಿದೆ.

ಬಾಳೆಯ ಉಪಮೆ ಸಿಕ್ಕಿದ್ದು ತವರಿನ ತೋಟದಲ್ಲಿ. ಬಾಳೆಯ ಎಳೆಯ ಎಲೆ ಮೊದಲು ಸುಳಿಯಾಗಿ, ಉದ್ದನೆಯ ಕೊಳವೆಯಾಗಿ ಮೇಲಕ್ಕೆ ಬರುತ್ತದೆ. ಎಲೆಯ ಮೇಲ್ಮೈ ಆಗ ಸುರುಳಿಯ ಒಳಗಿರುತ್ತದೆ. ಸುಳಿ ಬಿಚ್ಚಿದ ಹಾಗೆಲ್ಲ ಆ ಒಳಮೈ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಎಲೆಯ ಎರಡು ಮಗ್ಗುಲುಗಳು ನಡುದಂಟಿನ ಆಚೀಚೆಗೆ ಇಳಿಬಿದ್ದಿರುವುದನ್ನು ನೀವೆಲ್ಲ ನೋಡಿದ್ದೀರಿ. ನಾನು ಹುಡುಕುತ್ತಿದ್ದ ಮೀನಿನ ಮುಮ್ಮಿದುಳು ಅದೇ! ನಡುದಂಟು ತಳ, ಅದು ಕದಲಿಲ್ಲ. ಎರಡು ಮಗ್ಗುಲು ಎರಡು ಗೋಡೆ. ಸುಳಿಯ ಒಳಗಿದ್ದ ಮೈ ಈಗ ಹೊರಗೆ. ಸುಳಿಯಲ್ಲಿ ಅಕ್ಕಪಕ್ಕದಲ್ಲಿದ್ದ ಎರಡು ಅಂಚುಗಳು ಈಗ ಎರಡು ಕೊನೆಗಳಲ್ಲಿ ನೇತಾಡುತ್ತಿವೆ. ಆ ಎಲೆಯ ಮೇಲೊಂದು ತೆಳುಪೊರೆಯನ್ನು ಅಂಚಿನಿಂದ ಅಂಚಿಗೆ ಹೊದಿಸಿದ್ದೇವೆ ಎಂದುಕೊಂಡರೆ ಚಿತ್ರ ಪೂರ್ತಿಯಾಗುತ್ತದೆ. (ಸುಳಿಯಲ್ಲಿ ಒಂದು ಅಂಚು ಇನ್ನೊಂದರ ಒಳಗೆ ಸುತ್ತಿಕೊಂಡಿರುತ್ತದೆ, ಮಿದುಳಿನ ಕೊಳವೆಯಲ್ಲಿ ಹಾಗಿಲ್ಲ. ಇಷ್ಟು ಅಂತರವನ್ನು ಯಾವ ಉಪಮೆಗಾದರೂ ಬಿಟ್ಟುಕೊಡಬೇಕು.)

ಹಾಗೆಂದು ‘ಬಿಚ್ಚು’ ಎಂದೇ ಬರೆಯಲೆ? ಸುಳಿ ಬಿಚ್ಚುತ್ತದೆ, ತಾನಾಗಿಯೇ. ಆ ಮಟ್ಟಿಗೆ ಸರಿ. ಆದರೆ ಹೊಲಿಗೆ ಬಿಚ್ಚಿತು ಎಂದರೆ ಹಾಳಾಯಿತು ಎಂದರ್ಥ. ಪ್ರಯೋಗಾಲಯದಲ್ಲಿ ‘ಮಿದುಳು ಬಿಚ್ಚಿತು’ ಎಂದರೆ ಮಕ್ಕಳು ಕತ್ತರಿ ಕೈಗೆತ್ತಿಕೊಳ್ಳುತ್ತಾರೆ. ‘ಅರಳು’ ಅದಕ್ಕಿಂತ ಸೊಗಸು. ಹಳಗನ್ನಡದ ‘ಅಲರ್’ ಅಕ್ಷರ ಹಿಂದುಮುಂದಾಗಿ ‘ಅರಳ್’ ಆದದ್ದು ನಿಮಗೆ ಗೊತ್ತೇ ಇದೆ. ಹೂವಿನ ಎಸಳು ಅರಳುವಾಗಲೂ ಒಳಮೈ ಹೊರಗೆ ಕಾಣಿಸಿಕೊಳ್ಳುತ್ತದೆ. ಕೆಲವು ದಿನ ‘ಒಳಮೈಯರಳು’ ಎಂದು ಬರೆದು ನೋಡಿದೆ. ಕಿವಿಗೆ ಇಂಪಾಗಿದೆ, ಆದರೆ ಅರಳುವುದರಲ್ಲಿ ಹಿಗ್ಗು, ಸಂತೋಷ, ಪೂರ್ಣತೆ ಎಲ್ಲ ಸೇರಿಕೊಂಡಿವೆ. ಬಂಗುಡೆಯ ಮಿದುಳು ಅರಳಿತು, ನಮ್ಮದು ಬರಿದೇ ಉಬ್ಬಿತು ಎಂದರೆ ಅದು ನಮಗಿಂತ ಮೇಲೆ ಎಂದು ತೀರ್ಪು ಕೊಟ್ಟಂತಾಗುತ್ತದೆ. ಇಲ್ಲಿ ಮೇಲುಕೀಳಿನ ಪ್ರಶ್ನೆಯೇ ಇಲ್ಲ. ಒಂದೇ ಕೊಳವೆಯಿಂದ ಎರಡು ದಾರಿ.

ಈ ಮೇಲುಕೀಳಿನ ಬಗ್ಗೆ ನಾನು ಇಷ್ಟು ಎಚ್ಚರ ವಹಿಸಲು ಕಾರಣವಿದೆ. 1880ರ ದಶಕದಲ್ಲಿ ಜರ್ಮನಿಯ ರಾಬ್ಲ್-ರುಕ್‌ಹಾರ್ಡ್ ಮೀನಿನ ಮಿದುಳಿನ ಮೇಲಿನ ಆ ತೆಳುಪೊರೆಯನ್ನೇ, ನಮ್ಮಲ್ಲಿ ಮಿದುಳಿನ ಹೊದಿಕೆಯಾಗಿ ಬೆಳೆಯುವ ಭಾಗಕ್ಕೆ ಸಮ ಎಂದು ತಿಳಿದರು. ಆ ಭಾಗದ ಲ್ಯಾಟಿನ್ ಹೆಸರು ‘ಪ್ಯಾಲಿಯಂ’, ಹೊದೆಯುವ ಬಟ್ಟೆ ಎಂದೇ ಅದರ ಅರ್ಥ. ಹೊದಿಕೆ ಮೇಲೆಯೇ ಇರಬೇಕಲ್ಲವೆ? ಪೊರೆಯಲ್ಲಿ ನರಕೋಶಗಳಿಲ್ಲ. ಆದ್ದರಿಂದ ಮೀನಿಗೆ ಯೋಚಿಸುವ ಭಾಗವೇ ಇಲ್ಲ, ಇರುವುದು ಬುಡದ ಗಂಟು ಮಾತ್ರ ಎಂಬ ಎಣಿಕೆ ಬಹುಕಾಲ ನಡೆಯಿತು. 1890ರ ದಶಕದಲ್ಲಿ ಚೆಕ್ ಅಂಗರಚನಾತಜ್ಞ ಸ್ಟುಡ್ನಿಚ್ಕ, ಗೋಡೆಗಳೇ ಹೊರಕ್ಕೆ ವಾಲಿವೆ, ಪೊರೆ ಬರಿಯ ಚಾವಣಿ ಎಂದು ತೋರಿಸಿದ ಮೇಲೆ ನೋಟ ಬದಲಾಗತೊಡಗಿತು. ಹೊದಿಕೆ ಅಲ್ಲಿಯೇ ಇತ್ತು, ದಪ್ಪನಾಗಿ, ಗೋಡೆಯಲ್ಲಿ. ಹಕ್ಕಿಗಳ ಮಿದುಳಿನ ಭಾಗಗಳಿಗಂತೂ ಇಂಥದೇ ತಪ್ಪು ತಿಳಿವಿನಿಂದ ಬಂದ ಹೆಸರುಗಳು ನೂರು ವರ್ಷ ನಿಂತು, 2004ರಲ್ಲಿ ವಿಜ್ಞಾನಿಗಳ ಒಂದು ಕೂಟ ಅವುಗಳನ್ನು ಕಟ್ಟುಕಟ್ಟಾಗಿ ಬದಲಾಯಿಸಬೇಕಾಯಿತು. ಕನ್ನಡದಲ್ಲಿ ನಾವು ಈಗಷ್ಟೇ ಹೆಸರಿಡುತ್ತಿದ್ದೇವೆ. ಮೊದಲೇ ಸರಿಯಾದದ್ದನ್ನು ಇಡುವ ಅವಕಾಶ ನಮ್ಮ ಕೈಯಲ್ಲಿದೆ.

ಇನ್ನೊಂದು ಸಂಗತಿ. ಜಾಗದ ನೆನಪಿಗೆ, ದಾರಿಯ ನೆನಪಿಗೆ ನಮ್ಮ ಮಿದುಳಿನಲ್ಲಿ ಬೇಕಾದ ಭಾಗ ಹಿಪೊಕ್ಯಾಂಪಸ್. 1587ರಲ್ಲಿ ಇಟಲಿಯ ಅರಾಂಝಿ ಅದರ ಆಕಾರ ನೋಡಿ ಇಟ್ಟ ಹೆಸರು. ಗ್ರೀಕಿನಲ್ಲಿ ಕಡಲಕುದುರೆ ಎಂದು. ನಮ್ಮಲ್ಲಿ ಅದು ನಡುವಿನ ಕಡೆಗೆ, ಒಳಮಗ್ಗುಲಲ್ಲಿದೆ. ಮೀನಿನಲ್ಲಿ ಅದರ ಜೋಡಿ ಎಲ್ಲಿರಬೇಕು? ಗೋಡೆಗಳು ಹೊರಕ್ಕೆ ವಾಲಿದ್ದರೆ, ಚಾವಣಿಗೆ ಅಂಟಿಕೊಂಡಿದ್ದ ಭಾಗವೇ ಎಲ್ಲಕ್ಕಿಂತ ಹೊರಗಿನ ಅಂಚಿನಲ್ಲಿರಬೇಕು. ಸ್ಪೇನಿನ ಸೆವಿಲ್ ವಿಶ್ವವಿದ್ಯಾಲಯದವರು ಚಿನ್ನದ ಮೀನುಗಳಲ್ಲಿ ಇದನ್ನು ಪರೀಕ್ಷಿಸಿದರು. ಪಕ್ಕದ ಅಂಚಿನ ಭಾಗಕ್ಕೆ ಪೆಟ್ಟಾದರೆ ಮೀನು ಜಾಗದ ಗುರುತನ್ನು ಕಳೆದುಕೊಳ್ಳುತ್ತದೆ. ನಡುವಿನ ಭಾಗಕ್ಕೆ ಪೆಟ್ಟಾದರೆ ಅಪಾಯದಿಂದ ತಪ್ಪಿಸಿಕೊಳ್ಳಲು ಕಲಿತದ್ದು ಕೆಡುತ್ತದೆ. ಎಂದರೆ ಕಡಲಕುದುರೆಯ ಹೆಸರು ಹೊತ್ತ ಭಾಗ, ಕಡಲಕುದುರೆಯೂ ಸೇರಿರುವ ಮೀನುಗಳ ಬಳಗದಲ್ಲಿ ನಡುವನ್ನು ಬಿಟ್ಟು ಮಗ್ಗುಲಿಗೆ ಹೋಗಿದೆ! ನಾವು ಆರಿಸುವ ಪದ ಈ ಸ್ಥಳಾಂತರವನ್ನು ಹೇಳಬೇಕು. ‘ಮಗುಚು’ ಎಂದರೆ ಓದುವವರು ಅದನ್ನು ತಳದಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ.

ನನ್ನ ಈಗಿನ ಒಲವು ‘ಹೊರಹೊರಳು’ ಎಂಬುದರ ಕಡೆಗಿದೆ. ‘ಹೊರಳು’ ಅಕರ್ಮಕ; ಮಗು ಮಗ್ಗುಲಿಗೆ ಹೊರಳಿತು ಎನ್ನುತ್ತೇವೆ. ಅದರಲ್ಲಿ ಮಗ್ಗುಲಿನ ಭಾವವಿದೆ, ತಲೆಕೆಳಗಿನ ಭಾವ ಕಡಿಮೆ. ಗೋಡೆ ಮಗ್ಗುಲಿಗೆ ಹೊರಳಿತು, ಹೊರಗಡೆಗೆ ಹೊರಳಿತು. ನಾಮಪದ ‘ಹೊರಹೊರಳಿಕೆ’, ಕೃದಂತ ‘ಹೊರಹೊರಳಿದ ಮುಮ್ಮಿದುಳು’.

ತೊಡಕೆಂದರೆ, ಓದುವವರಿಗೆ ‘ಹೊರ’ ಎರಡು ಸಲ ಬಂದಂತೆ ಕಾಣುತ್ತದೆ. ‘ಹೊರಳು ಎಂಬುದರಲ್ಲೇ ಹೊರಗೆ ಇದೆಯಲ್ಲ, ಇನ್ನೊಂದು ಯಾಕೆ?’ ಎಂದು ಕರಡು ಓದಿದ ಸಹೋದ್ಯೋಗಿಯೊಬ್ಬರು ಕೇಳಿದರು. ಇಲ್ಲ. ‘ಹೊರಗೆ’ ಎಂಬುದು ಹಳಗನ್ನಡದಲ್ಲಿ ‘ಪೊಱಗೆ’, ಶಕಟರೇಫದ ಱಕಾರದ್ದು. ‘ಹೊರಳು’ ಎಂಬುದು ‘ಪೊರಳ್’, ಸಾಮಾನ್ಯ ರಕಾರದ್ದು. ತಮಿಳಿನಲ್ಲಿ ‘ಪುಱಂ’, ‘ಪುರಳ್’ ಎಂದು ಇಂದಿಗೂ ಬೇರೆ ಬೇರೆ ಅಕ್ಷರಗಳಲ್ಲೇ ಬರೆಯುತ್ತಾರೆ. ನಾವು ಱಕಾರವನ್ನು ಬಿಟ್ಟ ಮೇಲೆ ಎರಡು ಬೇರೆ ಬೇರುಗಳ ಪದಗಳು ಅಣ್ಣತಮ್ಮಂದಿರಂತೆ ಕಾಣುತ್ತಿವೆ, ಅಷ್ಟೆ. ಆದ್ದರಿಂದ ವ್ಯಾಕರಣದ ಕಣ್ಣಿನಲ್ಲಿ ‘ಹೊರಹೊರಳು’ ಪುನರುಕ್ತಿಯಲ್ಲ. ಆದರೆ ಕಿವಿಯ ಮಾತೇನು? ಹೇಳುವಾಗ ನಾಲಗೆ ತಡವರಿಸುತ್ತದೆಯೆ? ಇದನ್ನು ಒಬ್ಬಳೇ ಕುಳಿತು ತೀರ್ಮಾನಿಸಲು ನನಗೆ ಧೈರ್ಯವಿಲ್ಲ.

ಇನ್ನೊಂದು ಕಡೆಯಿಂದಲೂ ಯೋಚಿಸಬೇಕಾಗಿದೆ. ಪುಸ್ತಕಗಳ ಚಿತ್ರದಲ್ಲಿ ಗೋಡೆಗಳು ಎಲೆ ಬಿಚ್ಚಿದಂತೆ ಸರಾಗವಾಗಿ ಆಚೀಚೆಗೆ ವಾಲುತ್ತವೆ. ಆದರೆ 2012ರಲ್ಲಿ ಜೀಬ್ರಾಮೀನಿನ ಭ್ರೂಣಗಳನ್ನು ಜೀವಂತವಾಗಿಯೇ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದವರಿಗೆ ಕಂಡದ್ದು ಬೇರೆ ದಾರಿ. ಮೊದಲ ದಿನ, ಸುಮಾರು 18ರಿಂದ 24 ಗಂಟೆಗಳ ನಡುವೆ, ಮುಮ್ಮಿದುಳಿನ ತುದಿಭಾಗದ ಹಿಂಬದಿಯಲ್ಲಿ ಕುಹರ ಅಗಲವಾಗಿ ಒಂದು ಕಣಿವೆಯಾಗುತ್ತದೆ, ಅದರ ಮೇಲೆ ಚಾವಣಿಯ ಪೊರೆ. ಆಮೇಲೆ ಎರಡನೆಯ ದಿನದಿಂದ ಐದನೆಯ ದಿನದವರೆಗೆ ತುದಿಭಾಗ ಹಿಂದಕ್ಕೆ ನೀಳವಾಗಿ ಬೆಳೆಯುತ್ತ ಹೋಗುತ್ತದೆ, ಪೊರೆಯೂ ಅದರ ಜೊತೆಗೆ ಹಿಗ್ಗುತ್ತದೆ. ಕೊನೆಯಲ್ಲಿ ನೋಡಿದರೆ ಹೊರಕ್ಕೆ ಹೊರಳಿದಂತೆಯೇ ಇರುತ್ತದೆ. ನಡುವೆ ಹೊರಳಿದ ಗಳಿಗೆ ಎಂದು ಬೆರಳಿಟ್ಟು ತೋರಿಸಬಹುದಾದದ್ದು ಇಲ್ಲ. ಹಾಗಿರುವಾಗ ನಮ್ಮ ಪದ ಸಾಗಿದ ದಾರಿಯನ್ನು ಹೇಳಬೇಕೆ, ಮುಟ್ಟಿದ ಜಾಗವನ್ನು ಹೇಳಬೇಕೆ? ಮುಟ್ಟಿದ ಜಾಗವೇ ಸಾಕೆಂದು ನನ್ನ ನಿಲುವು. ‘ಮರ ಬಾಗಿದೆ’ ಎಂದಾಗ ಅದು ಒಂದು ದಿನ ನೆಟ್ಟಗಿದ್ದು ಇನ್ನೊಂದು ದಿನ ಬಾಗಿತು ಎಂದು ಯಾರೂ ತಿಳಿಯುವುದಿಲ್ಲ. ಬಾಗುತ್ತಲೇ ಬೆಳೆದಿದೆ ಎಂದು ತಿಳಿಯುತ್ತಾರೆ. ‘ಹೊರಹೊರಳಿದೆ’ ಎಂಬುದೂ ಹಾಗೆ ಕೇಳಿಸಿದರೆ ಗೆದ್ದಂತೆ.

‘ಒಳ’ ಎಂಬ ಪದವೂ ಇಲ್ಲಿ ಕೈಕೊಡುತ್ತದೆ. ಇಲಿಯ ಮಿದುಳಿನಲ್ಲಿ ಹೊಸ ನರಕೋಶಗಳು ಕುಹರದ ಪಕ್ಕದಲ್ಲಿ, ಆಳದಲ್ಲಿ, ಹುಟ್ಟಿ ಹೊರಮೈ ಕಡೆಗೆ ಸಾಗುತ್ತವೆ. ಮೀನಿನಲ್ಲಿ ಕುಹರವೇ ನೆತ್ತಿಯ ಮೇಲಿರುವುದರಿಂದ ಕೋಶಗಳು ಹುಟ್ಟುವ ಮೈಯೂ ಅಲ್ಲಿಯೇ. ದೊಡ್ಡ ಮೀನಾದ ಮೇಲೂ ಅಲ್ಲಿ ಹೊಸ ನರಕೋಶಗಳು ಹುಟ್ಟುತ್ತಲೇ ಇರುತ್ತವೆ, ಹಳೆಯವು ಅಡಿಗೆ ಸರಿಯುತ್ತವೆ. ಇಂಥ ಕಡೆ ‘ಒಳಮೈ’ ಎಂದು ಬರೆದರೆ ಆಳದ ಮೈಯೋ ಕುಹರದ ಮೈಯೋ ತಿಳಿಯದು. ನಾನು ಎಲ್ಲೆಡೆ ‘ಕುಹರಮೈ’ ಎಂದು ತಿದ್ದಿದ್ದೇನೆ. ‘ಒಳಮೈಯರಳು’ ಎಂಬ ಪದವನ್ನು ಕೈಬಿಡಲು ಇದೂ ಒಂದು ಕಾರಣ.

ಜೊತೆಯಲ್ಲಿ ಇನ್ನು ಕೆಲವು ಪದಗಳನ್ನು ನಿಮ್ಮ ಮುಂದಿಡುತ್ತೇನೆ. ಇವುಗಳ ಬಗ್ಗೆ ನನಗೆ ಇಷ್ಟು ಗೊಂದಲವಿಲ್ಲ, ಒಪ್ಪಿಗೆಯಾದರೆ ಸಾಕು.

ಕೊಳವೆ ಆಗುವ ಬಗೆಯಲ್ಲೂ ಈ ಮೀನುಗಳು ಬೇರೆ. ನಮ್ಮಲ್ಲಿ ನರಫಲಕದ, ಎಂದರೆ ಮಿದುಳಿಗೂ ಬೆನ್ನುಹುರಿಗೂ ಮೂಲವಾದ ಚಪ್ಪಟೆ ಹಾಳೆಯ, ಎರಡು ಅಂಚುಗಳು ಮೇಲೆದ್ದು ಕೂಡಿಕೊಂಡು ಕೊಳವೆಯಾಗುತ್ತದೆ. ಇವುಗಳಲ್ಲಿ ಫಲಕ ನಡುವಿಗೆ ಕೂಡಿಬಂದು, ಟೊಳ್ಳಿಲ್ಲದ ಗಟ್ಟಿ ಕೋಲಾಗುತ್ತದೆ. ಟೊಳ್ಳು ಆಮೇಲೆ ತೆರೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಡುಗೆರೆಯ ಮೇಲೆ ಒಂದು ಕೋಶ ಎರಡಾದರೆ ಒಂದು ಮರಿಕೋಶ ಈಚೆಯ ಗೋಡೆಗೆ, ಇನ್ನೊಂದು ಆಚೆಯ ಗೋಡೆಗೆ ಸೇರುತ್ತದೆ. ಹೀಗಾಗಿ ಎಡಬಲಗಳು ಕನ್ನಡಿಯಲ್ಲಿ ಕಂಡಂತೆ ಜೋಡಿಯಾಗುತ್ತವೆ. ಗಟ್ಟಿ ಕೋಲಿನ ಹಂತಕ್ಕೆ ‘ನರದಿಂಡು’ ಎಂದಿದ್ದೇನೆ. ಬಾಳೆದಿಂಡಿನ ದಿಂಡೇ. ದಿಂಡು, ಆಮೇಲೆ ಕೊಳವೆ. ‘ನರದಂಡ’ ಎಂದು ಬರೆದರೆ ಬೆನ್ನುಹುರಿ ಎಂದುಕೊಳ್ಳುತ್ತಾರೆ.

‘ಮೂಳೆಮೀನು’ ಪಠ್ಯಪುಸ್ತಕಗಳಲ್ಲಿ ನೆಲೆಯಾಗಿದೆ. ಮೀನು ತಿನ್ನುವ ಮನೆಗಳಲ್ಲಿ ಮೀನಿಗೆ ಇರುವುದು ‘ಮುಳ್ಳು’, ಯಾರೂ ‘ಮೂಳೆ’ ಎನ್ನುವುದಿಲ್ಲ. ಆದರೂ ಅದನ್ನು ಬದಲಿಸಲು ಹೋಗುವುದಿಲ್ಲ. ಬೇಕಾಗಿರುವುದು ಅದರೊಳಗಿನ ಒಂದು ಗುಂಪಿನ ಹೆಸರು. ಏಕೆಂದರೆ ಮೂಳೆಮೀನುಗಳೆಲ್ಲ ಹೊರಹೊರಳಿದ ಮಿದುಳಿನವಲ್ಲ. ಶ್ವಾಸಕೋಶದ ಮೀನುಗಳೂ ಮೂಳೆಮೀನುಗಳೇ, ಅವುಗಳ ಮುಮ್ಮಿದುಳು ನಮ್ಮದರಂತೆ ಉಬ್ಬಿದ್ದು. ಹೊರಹೊರಳುವುದು ‘ಕಿರಣರೆಕ್ಕೆ’ ಮೀನುಗಳಲ್ಲಿ ಮಾತ್ರ. ಈ ‘ಕಿರಣ’ ನನಗೆ ಸಹಿಸುವುದಿಲ್ಲ. ಇಂಗ್ಲಿಷಿನ ‘ರೇ’ ಎಂಬ ಪದಕ್ಕೆ ಬೆಳಕಿನ ಕಿರಣವೆಂಬ ಅರ್ಥವೂ ಇರುವುದರಿಂದ ಅದು ಹೀಗೆ ಕನ್ನಡಕ್ಕೆ ಇಳಿದಿದೆ. ಕನ್ನಡದ ಕಿರಣಕ್ಕೆ ಬೆಳಕೊಂದೇ ಗೊತ್ತು. ಮೀನಿನ ರೆಕ್ಕೆಯನ್ನು ಬಿಡಿಸಿ ನೋಡಿ: ಕೊಡೆಯ ಕಡ್ಡಿಗಳ ನಡುವೆ ಬಟ್ಟೆ ಬಿಗಿದಂತೆ ಕಡ್ಡಿಗಳ ನಡುವೆ ತೊಗಲು. ‘ಕಡ್ಡಿರೆಕ್ಕೆಯ ಮೀನು’ ಎನ್ನೋಣವೆ? ಮೂವತ್ತು ಸಾವಿರಕ್ಕೂ ಮಿಕ್ಕ ಜಾತಿಗಳಿರುವ ಗುಂಪಿಗೆ ಅರ್ಥವಾಗುವ ಹೆಸರೊಂದು ಬೇಡವೆ?

‘ಮುಮ್ಮಿದುಳು’ ಬಗ್ಗೆ ಒಂದು ಸಣ್ಣ ಅನುಮಾನ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಮುಮ್’ ಮೂರು. ನಮ್ಮ ‘ಮುಮ್’ ಮುಂದು. ಮೂರು ಮಿದುಳು ಎಂದು ಓದಿದವರನ್ನು ನಾನು ಇನ್ನೂ ಕಂಡಿಲ್ಲ, ಪಕ್ಕದಲ್ಲಿ ಹಿಮ್ಮಿದುಳು ಇರುವುದರಿಂದ ಅರ್ಥ ನಿಲ್ಲುತ್ತದೆ. ಆದರೆ ಮುಮ್ಮಿದುಳು ಮುಂದೆ ಎರಡಾಗುತ್ತದೆ. ಹೊರಹೊರಳುವುದು ಅದರ ತೀರಾ ಮುಂದಿನ ಭಾಗ, ಟೆಲೆನ್ಸೆಫಲಾನ್. ಗ್ರೀಕಿನಲ್ಲಿ ಕೊನೆಯ ಮಿದುಳು ಎಂದರ್ಥ. ‘ಅಂತ್ಯಮಸ್ತಿಷ್ಕ’ ಕೇಳಿದರೆ ಸಾವಿನ ಸುದ್ದಿಯಂತಿದೆ. ‘ತುದಿಮಿದುಳು’ ಎಂದು ಬರೆಯುತ್ತಿದ್ದೇನೆ.

ಜೀಬ್ರಾಮೀನಿನ ಹೆಸರನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. 1822ರಲ್ಲಿ ಗಂಗಾನದಿಯ ಮೀನುಗಳನ್ನು ದಾಖಲಿಸಿದ ಫ್ರಾನ್ಸಿಸ್ ಹ್ಯಾಮಿಲ್ಟನ್ ಇದನ್ನು ಬಣ್ಣಿಸಿದರು. ಅದರ ಶಾಸ್ತ್ರೀಯ ಹೆಸರಿನ ‘ಡ್ಯಾನಿಯೊ’ ಬಂಗಾಳಿಯ ಧಾನದಿಂದ, ಎಂದರೆ ಭತ್ತದಿಂದ ಬಂದದ್ದು. ಭತ್ತದ ಗದ್ದೆಯ ನೀರಿನ ಈ ಪುಟ್ಟ ಮೀನೇ ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ 28.5 ಡಿಗ್ರಿ ಬೆಚ್ಚಗಿನ ನೀರಿನಲ್ಲಿ ಬೆಳೆಯುತ್ತಿದೆ, ಅದರ ಗಾಜಿನಂಥ ಮೊಟ್ಟೆಯೊಳಗೆ ಮಿದುಳು ಮೂಡುವುದನ್ನು ಕಣ್ಣಾರೆ ಕಾಣಬಹುದು ಎಂಬ ಕಾರಣಕ್ಕೆ.

ಈಗ ನಿಮ್ಮಿಂದ ನನಗೆ ಬೇಕಾದದ್ದು. ಒಳಗಿನದನ್ನು ಹೊರಗೆ ಮಾಡುವುದಕ್ಕೆ, ಅದಕ್ಕಿಂತ ಹೆಚ್ಚಾಗಿ ಒಳಗಿನದು ತಾನಾಗಿ ಹೊರಗಾಗುವುದಕ್ಕೆ, ನಿಮ್ಮ ಊರಿನಲ್ಲಿ ಒಂದೇ ಪದವಿದೆಯೆ? ಬೋಟಿ ತೊಳೆಯುವಾಗ ಕರುಳನ್ನು ಒಳಮೈ ಹೊರಗೆ ಮಾಡುತ್ತಾರೆ; ಬಯಲುಸೀಮೆಯವರೂ ಉತ್ತರ ಕರ್ನಾಟಕದವರೂ ಅದಕ್ಕೆ ಏನೆನ್ನುತ್ತೀರಿ? ಗೋಣಿಚೀಲ ಕೊಡವುವಾಗ? ಕಣ್ಣಿನ ರೆಪ್ಪೆ ಹೊರಮುಖವಾಗಿ ತಿರುಗಿ ನಿಲ್ಲುವ ಕಾಯಿಲೆಗೆ ಹಳ್ಳಿಯ ಹಿರಿಯರು ಹೇಳುವ ಮಾತೇನು? ಅದು ತಾನಾಗಿ ಆಗುವಂಥದ್ದು, ಆದ್ದರಿಂದ ಅಲ್ಲೊಂದು ಅಕರ್ಮಕ ಪದ ಇರಲೇಬೇಕು ಎಂದು ನನ್ನ ಆಸೆ. ಕರಾವಳಿಯವರು ತುಳು, ಕೊಂಕಣಿ, ಕುಂದಾಪುರದ ಕನ್ನಡದಲ್ಲಿ ಹುಡುಕಿ ನೋಡಬೇಕು. ಮೀನು ಹಚ್ಚುವ ಮನೆಗಳಲ್ಲಿ ಮೀನಿನ ತಲೆಯೊಳಗಿನ ಭಾಗಗಳಿಗೆ ಹೆಸರುಗಳಿದ್ದರೆ ಅವನ್ನೂ ಬರೆದು ತಿಳಿಸಿ. ಹವ್ಯಕರ ತೋಟಗಳಲ್ಲಿ ಬಾಳೆಯ ಸುಳಿ ಬಿಚ್ಚುವುದಕ್ಕೆ ಬೇರೆ ಮಾತಿದ್ದರೆ ಅದೂ ಬೇಕು.

‘ಹೊರಹೊರಳು’ ಎಂಬುದನ್ನು ಒಂದೆರಡು ಸಲ ಗಟ್ಟಿಯಾಗಿ ಹೇಳಿ ನೋಡಿ, ಆಮೇಲೆ ಉತ್ತರಿಸಿ. ಓದುವಾಗ ಸರಿಯೆನಿಸಿದ್ದು ತರಗತಿಯಲ್ಲಿ ಹೇಳುವಾಗ ನಿಲ್ಲದಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ವಿದ್ಯಾರ್ಥಿನಿಗೆ ಬಾಳೆಯ ಸುಳಿಯ ಉಪಮೆ ಹೇಳಿದ ಮೇಲೆ ಅವಳು ಹೊಸ ಚಿತ್ರ ಬಿಡಿಸಿದಳು. ಈ ಸಲ ತಳ ತಳದಲ್ಲಿದೆ, ಅಂಚುಗಳು ಮಗ್ಗುಲಿಗೆ ಇಳಿದಿವೆ, ಪೊರೆ ಮೇಲಿದೆ. ಪುಸ್ತಕಕ್ಕೆ ಅದೇ ಚಿತ್ರವನ್ನು ಹಾಕುತ್ತೇನೆ. ಅಡಿಬರಹದಲ್ಲಿ ಒಂದು ಪದದಷ್ಟು ಜಾಗ ಬಿಟ್ಟಿದ್ದೇನೆ, ಈ ತಿಂಗಳ ಕೊನೆಯೊಳಗೆ ಅದನ್ನು ತುಂಬಬೇಕು.

ವಂದನೆಗಳೊಂದಿಗೆ.